ತವರು, ತಂದೆಯ ತಿಥಿ ಮತ್ತು ಯಹೂದಿ ಧರ್ಮದ ದೀಕ್ಷೆ: ಒಂದು ಆಪ್ತಸಲಹೆ ಪ್ರಕರಣ

ಮಲೆನಾಡಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಓದಿ, ಈಗ ಅಮೆರಿಕದ ನ್ಯೂ ಜೆರ್ಸಿಯಲ್ಲಿ ಪತಿಯೊಡನೆ ನೆಲೆಸಿರುವ 34 ವರ್ಷದ ಮಹಿಳೆಯೊಬ್ಬರ ಪ್ರಕರಣವಿದು. ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಪತಿ ಯಹೂದಿ ಮನೆತನದವರು. ಆಕೆ ಕನ್ಸರ್ವೇಟಿವ್ ಪಂಥದ ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) ಒಂದರಲ್ಲಿ ಧರ್ಮಗುರುಗಳಾದ ರಬ್ಬಿಯವರ ಬಳಿ ವರ್ಷಕ್ಕೂ ಮಿಗಿಲಾಗಿ ಪಾಠ ಹೇಳಿಸಿಕೊಂಡಿದ್ದರು. ಮೂವರು ಕೂರುವ ಬೇತ್ ದಿನ್ ಎಂಬ ಧರ್ಮಮಂಡಳಿಯ ಪ್ರಶ್ನೆಗಳಿಗೆ ಉತ್ತರಿಸಿ, ಮಿಕ್ವೆ ಎಂಬ ಸ್ನಾನಕೊಳದಲ್ಲಿ ಮುಳುಗಿ ಎದ್ದರೆ ದೀಕ್ಷೆ ಮುಗಿಯುತ್ತದೆ ಎನ್ನುವ ಹಂತದಲ್ಲಿ ವಿಡಿಯೊ ಕರೆಯ ಮೂಲಕ ನನ್ನನ್ನು ಸಂಪರ್ಕಿಸಿದರು. ಆಗ ಕೇಳಿದ್ದು ಒಂದೇ ಪ್ರಶ್ನೆ: ಊರಿನಲ್ಲಿರುವ ತಾಯಿಗೆ ಅವರ ಕೊನೆಗಾಲದವರೆಗೂ ಇದನ್ನು ತಿಳಿಸದೆ ಇರಬಹುದೇ?

ಆ ಪ್ರಶ್ನೆಗೆ ಉತ್ತರ ಕೊಡುವ ಮೊದಲು, ಮತಾಂತರದ ನಿರ್ಧಾರ ಯಾರದು ಎಂಬುದನ್ನು ನಾನು ತಿಳಿದುಕೊಳ್ಳಬೇಕಿತ್ತು. ಅದಕ್ಕಾಗಿ ಪತಿಯನ್ನು ಹೊರಗಿಟ್ಟು ಆಕೆಯೊಬ್ಬರೊಂದಿಗೇ ಮಾತನಾಡಿದೆ. ಅತ್ತೆಯವರ ಒತ್ತಾಯ ಇರಬಹುದೆಂಬ ಸಂಶಯಕ್ಕೆ ಆಧಾರವೂ ಇತ್ತು. ಆರ್ಥಡಾಕ್ಸ್ ಮತ್ತು ಕನ್ಸರ್ವೇಟಿವ್ ಪಂಥಗಳಲ್ಲಿ ಮಗುವಿನ ಧರ್ಮ ತಾಯಿಯಿಂದ ಬರುತ್ತದೆ. ಅಮೆರಿಕದ ರಿಫಾರ್ಮ್ ಪಂಥ 1983ರಲ್ಲಿ ತಂದೆಯ ಕಡೆಯಿಂದಲೂ ಅದನ್ನು ಒಪ್ಪಿಕೊಂಡಿದ್ದರೂ, ಈ ಕುಟುಂಬ ಆ ಪಂಥಕ್ಕೆ ಸೇರಿದ್ದಲ್ಲ. ದಂಪತಿ ಮಗುವಿನ ಯೋಚನೆಯಲ್ಲಿದ್ದರು, ಅತ್ತೆ ಮಾತಿನ ನಡುವೆ ಒಂದೆರಡು ಬಾರಿ ಆ ವಿಷಯ ಎತ್ತಿದ್ದರು. ಆದರೆ ಆಕೆ ಹೇಳಿದ ಕಾರಣ ಬೇರೆಯೇ ಆಗಿತ್ತು.

2021ರಲ್ಲಿ ಕೋವಿಡ್‌ನ ಎರಡನೇ ಅಲೆಯ ಹೊತ್ತಿಗೆ ಆಕೆಯ ತಂದೆ ತೀರಿಕೊಂಡರು. ಹೊರಟುಬರಲು ಆಗಲಿಲ್ಲ, ಅಂತ್ಯಕ್ರಿಯೆಯನ್ನು ಫೋನಿನ ಪರದೆಯಲ್ಲಿ ನೋಡಿದರು. ಮನೆತನದ ಸಂಪ್ರದಾಯದಂತೆ ಮದುವೆಯಾದ ಮಗಳಿಗೆ ಮೂರು ದಿನದ ಸೂತಕ. ನಾಲ್ಕನೆಯ ದಿನ ಆಕೆ ಲ್ಯಾಪ್‌ಟಾಪ್ ತೆರೆದು ಕಚೇರಿ ಕೆಲಸಕ್ಕೆ ಕುಳಿತರು. ಮರುವರ್ಷ ಮಾವ ತೀರಿಕೊಂಡಾಗ ನ್ಯೂ ಜೆರ್ಸಿಯ ಅದೇ ಊರಿನಲ್ಲಿ ಆಕೆ ಕಂಡದ್ದು ಶಿವಾ ಎಂಬ ಏಳು ದಿನಗಳ ಶೋಕಾಚರಣೆ. ಸಾವು ಕಂಡ ಮನೆಗೆ ಊಟ ನೆರೆಹೊರೆಯಿಂದ ಬರುತ್ತದೆ, ಮಿನ್ಯಾನ್ ಎಂಬ ಹತ್ತು ಮಂದಿಯ ಕೂಟ ಮನೆಗೇ ಬಂದು ನಿಂತು ಪ್ರಾರ್ಥಿಸುತ್ತದೆ, ಮದುವೆಯಾದ ಮಗಳಿಗೂ ಮಗನಷ್ಟೇ ದಿನಗಳ ಶೋಕ. "ನನ್ನಪ್ಪ ಹೋದಾಗ ನಮ್ಮ ಮನೆ ಬಾಗಿಲಿಗೆ ಒಬ್ಬರೂ ಬರಲಿಲ್ಲ ಮೇಡಂ" ಎಂದು ಆಕೆ ಹೇಳಿದ್ದು ಎರಡನೆಯ ಭೇಟಿಯಲ್ಲಿ. ಆ ವರ್ಷ ಯಾರ ಮನೆಗೂ ಯಾರೂ ಬರುವಂತಿರಲಿಲ್ಲ ಎಂಬುದು ಆಕೆಗೂ ಗೊತ್ತಿತ್ತು. ದುಃಖ ಅಂಥ ಲೆಕ್ಕವನ್ನು ಒಪ್ಪುವುದಿಲ್ಲ.

ತೀರದ ದುಃಖದಿಂದ ಹುಟ್ಟಿದ ನಿರ್ಧಾರವನ್ನು ಸುಳ್ಳು ಎನ್ನುವ ಸಲಹೆಗಾರರಿದ್ದಾರೆ. ನಾನು ಹಾಗೆ ಭಾವಿಸುವುದಿಲ್ಲ. ಧರ್ಮದ ಬಾಗಿಲಿಗೆ ಬರುವವರಲ್ಲಿ ಅನೇಕರು ಯಾವುದೋ ಸಾವಿನ ಹಿಂದೆಯೇ ಬಂದವರು. ಆದರೆ ತಂದೆಗಾಗಿ ಅಳುವುದು ಒಂದು ಕೆಲಸ, ಯಹೂದಿಯಾಗಿ ಬಾಳುವುದು ಇನ್ನೊಂದು. ಮೊದಲನೆಯದು ಆಗದೆ ಉಳಿದಿದ್ದರೆ ಮಿಕ್ವೆಯಿಂದ ಎದ್ದ ಮರುದಿನವೂ ಅದು ಹಾಗೆಯೇ ಉಳಿದಿರುತ್ತದೆ ಎಂದು ಆಕೆಗೆ ಸ್ಪಷ್ಟವಾಗಿ ಹೇಳಿದೆ. ಒಂದೆರಡು ತಿಂಗಳು ದಿನಾಂಕ ಗೊತ್ತುಮಾಡದೆ, ತಂದೆಯ ಬಗ್ಗೆ ತಾಯಿಯೊಂದಿಗೆ ಮಾತನಾಡಲು ಮೊದಲು ಮಾಡಿ ಎಂದು ಸೂಚಿಸಿದೆ. ರಬ್ಬಿಯವರೂ ಅವಸರಪಡಿಸಲಿಲ್ಲ. ಬಂದವರನ್ನು ಕೂಡಲೇ ಒಪ್ಪಿಕೊಳ್ಳದೆ, ಈ ಜನಕ್ಕೆ ಒದಗಿದ ಕಷ್ಟಗಳನ್ನು ಮೊದಲು ತಿಳಿಸಿ, ಆ ಮೇಲೂ ನಿಲ್ಲುವವರನ್ನು ಮಾತ್ರ ಸೇರಿಸಿಕೊಳ್ಳಬೇಕೆಂಬುದು ಯಹೂದಿಗಳ ಪ್ರಾಚೀನ ಧರ್ಮಗ್ರಂಥವಾದ ತಾಲ್ಮುಡ್‌ನ ಕಾಲದಿಂದ ಬಂದ ರೂಢಿ. 2023ರ ಅಕ್ಟೋಬರ್‌ನಲ್ಲಿ ಇಸ್ರೇಲ್ ಮೇಲೆ ಹಮಾಸ್ ದಾಳಿ ನಡೆದ ನಂತರ ಸಿನಗಾಗ್ ಬಾಗಿಲಲ್ಲಿ ಕಾವಲುಗಾರರನ್ನು ದಾಟಿ ಹೋಗುತ್ತಿದ್ದ ಆಕೆಗೆ ಆ ಎಚ್ಚರಿಕೆ ಬರಿಯ ಶಾಸ್ತ್ರವಾಗಿ ತೋರುವಂತಿರಲಿಲ್ಲ.

ಇನ್ನು ಮುಚ್ಚಿಡುವ ಪ್ರಶ್ನೆ. ಮುಚ್ಚಿಡಬೇಡಿ, ದೀಕ್ಷೆ ಆದ ಮೇಲೆ ಹೇಳುವ ಬದಲು ಆಗುವ ಮುನ್ನವೇ ಹೇಳಿ ಎಂಬುದು ನನ್ನ ಸಲಹೆಯಾಗಿತ್ತು. ನಾಳೆ ಮಗು ಹುಟ್ಟಿದರೆ, ಗಂಡಾದರೆ ಎಂಟನೆಯ ದಿನದ ಸುನ್ನತಿ, ಹೆಣ್ಣಾದರೆ ಸಿನಗಾಗ್‌ನಲ್ಲಿ ನಾಮಕರಣ. ಅಜ್ಜಿಯಿಂದ ಇದನ್ನೆಲ್ಲ ಮರೆಮಾಚಲು ಹೊರಟರೆ ಮಾತು ಬಂದ ದಿನದಿಂದಲೇ ಆ ಮಗುವಿಗೂ ಸುಳ್ಳು ಹೇಳುವುದನ್ನು ಕಲಿಸಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ತಾಯಿಗೆ ಅರ್ಧ ತಿಳಿದೇ ಇತ್ತು. ಪ್ರತಿ ಶನಿವಾರ ಬೆಳಗ್ಗೆ ಪೂಜೆ ಮುಗಿಸಿ ಮಗಳಿಗೆ ಫೋನ್ ಮಾಡುವುದು ಅವರ ಪದ್ಧತಿ. ಅದು ನ್ಯೂ ಜೆರ್ಸಿಯಲ್ಲಿ ಶುಕ್ರವಾರ ರಾತ್ರಿ, ಅಂದರೆ ಸೂರ್ಯಾಸ್ತಕ್ಕೆ ಮೊದಲೇ ದೀಪ ಹಚ್ಚಿ, ಶನಿವಾರ ನಕ್ಷತ್ರ ಕಾಣುವವರೆಗೆ ಫೋನ್ ಮುಟ್ಟದೆ ಇರುವ, ಯಹೂದಿಗಳ ವಾರದ ವಿಶ್ರಾಂತಿಯಾದ ಶಬ್ಬಾತ್‌ನ ಹೊತ್ತು. ತಿಂಗಳುಗಟ್ಟಲೆ ಉತ್ತರ ಬರದ ಕರೆಗಳಿಗೆ ಆಕೆ ಆಫೀಸು, ತಲೆನೋವು ಎಂದು ನೆಪ ಹೇಳುತ್ತ ಬಂದಿದ್ದರು. ಗಂಡನ ಮನೆಯಲ್ಲಿ ಏನೋ ತೊಂದರೆಯಿದೆ, ಮಗಳು ಹೇಳುತ್ತಿಲ್ಲ ಎಂದು ತಾಯಿ ಬಂಧುಗಳ ಬಳಿ ಅತ್ತಿದ್ದರು. ನಿಜ ಹೇಳದ ಕಡೆ ಮನಸ್ಸು ನಿಜಕ್ಕಿಂತ ಕೆಟ್ಟದ್ದನ್ನೇ ಊಹಿಸಿಕೊಳ್ಳುತ್ತದೆ.

ಹೇಳುವ ಬಗೆಯ ಕುರಿತು ನಾವು ಬಹಳ ಹೊತ್ತು ಕುಳಿತೆವು. ದೇವರು, ಸತ್ಯ, ನಂಬಿಕೆ ಎಂದು ಆರಂಭಿಸಿದರೆ ತಾಯಿಗೆ ಅದು ತಮ್ಮ ದೇವರನ್ನು ತಳ್ಳಿದ ಮಾತಾಗಿ ಕೇಳುತ್ತದೆ. ಆದ್ದರಿಂದ ದಿನಚರಿಯಿಂದ ಆರಂಭಿಸಿ ಎಂದೆ. ಜೀವನವಿಡೀ ಮಡಿಯಲ್ಲಿ ಅಡುಗೆ ಮಾಡಿದ ಹೆಂಗಸಿಗೆ ಹಾಲು ಮತ್ತು ಮಾಂಸದ ಪಾತ್ರೆಗಳನ್ನು ಬೇರೆ ಇಡುವ ಮನೆ ವಿಚಿತ್ರವಾಗಿ ಕಾಣಲಾರದು. ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯಹೂದಿಗಳು ಗಾಣದ ಕಸುಬಿನವರಾಗಿದ್ದು, ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದಲೇ ಮರಾಠಿಯಲ್ಲಿ ಶನಿವಾರ ತೇಲಿ ಎನಿಸಿಕೊಂಡಿದ್ದರು, ಇಂದಿಗೂ ಶುಭಕಾರ್ಯಗಳಲ್ಲಿ ಅವಲಕ್ಕಿ, ತೆಂಗಿನಕಾಯಿ ಸೇರಿಸಿ ಮಲಿದಾ ಮಾಡುತ್ತಾರೆ ಎಂಬುದನ್ನೂ ಹೇಳಲು ಸೂಚಿಸಿದೆ. ಇದರಿಂದ ಆಕೆಗೇ ಹೆಚ್ಚು ಪ್ರಯೋಜನವಾಯಿತು. ಸಿನಗಾಗ್‌ನಲ್ಲಿ ತನ್ನಂಥ ಮೈಬಣ್ಣದವರು ಬೇರೊಬ್ಬರಿಲ್ಲವೆಂದು ಆಕೆ ಕುಗ್ಗಿದ್ದರು. ದೀಕ್ಷೆ ಪಡೆದವರಿಗೆ ಅವರ ಹಿಂದಿನ ಬದುಕನ್ನು ಎತ್ತಿ ಆಡಬಾರದೆಂದು ಯಹೂದಿ ಶಾಸ್ತ್ರವೇ ಕಟ್ಟುನಿಟ್ಟಾಗಿ ಹೇಳುವುದರಿಂದ, ನೀವು ಯಹೂದಿಯಾದದ್ದು ಹೇಗೆ ಎಂದು ಕೇಳುವವರಿಗೆಲ್ಲ ಉತ್ತರ ಕೊಡುವ ಹಂಗು ಆಕೆಗಿಲ್ಲ ಎಂದೂ ತಿಳಿಸಿದೆ.

ಫೋನಿನ ಸಮಸ್ಯೆ ಸುಲಭವಾಗಿ ಬಗೆಹರಿಯಿತು. ಶುಕ್ರವಾರ ಅಲ್ಲಿನ ಬೆಳಗ್ಗೆ, ಇಲ್ಲಿನ ಸಂಜೆ, ಮಗಳೇ ಕರೆ ಮಾಡುವುದು. ಪ್ರಾಣಾಪಾಯದ ಮುಂದೆ ಶಬ್ಬಾತ್‌ನ ನಿಯಮ ನಿಲ್ಲುವುದಿಲ್ಲವಾದ್ದರಿಂದ ತುರ್ತು ಸುದ್ದಿಗೆ ಪಕ್ಕದ ಮನೆಯ ಕನ್ನಡಿಗರ ನಂಬರನ್ನು ತಾಯಿಗೆ ಕೊಡುವುದು.

ಹೆಸರಿನ ವಿಷಯ ಹಾಗೆ ಮುಗಿಯಲಿಲ್ಲ. ದೀಕ್ಷೆಯಲ್ಲಿ ಇಡುವ ಹೀಬ್ರೂ ಹೆಸರಿನ ಜೊತೆ ತಂದೆತಾಯಿಯ ಸ್ಥಾನದಲ್ಲಿ ಅವ್ರಹಾಮ್ ಮತ್ತು ಸಾರಾ ಎಂದು ಸೇರಿಸುತ್ತಾರೆ. ಅಪ್ಪನಿಗಾಗಿ ಅಳಲು ಜಾಗ ಹುಡುಕಿ ಬಂದವರಿಗೆ ಅಲ್ಲಿಯೇ ಅಪ್ಪನ ಹೆಸರಿಲ್ಲವೆಂಬುದು ಎಷ್ಟು ಚುಚ್ಚಿರಬೇಕು! ರಬ್ಬಿಯವರನ್ನು ನೇರವಾಗಿ ಕೇಳಿ ಎಂದೆ. ಆ ಹೆಸರು ಧಾರ್ಮಿಕ ಕಾರ್ಯಗಳಿಗೆ ಮಾತ್ರ, ಪಾಸ್‌ಪೋರ್ಟಿನಲ್ಲಿ ಏನೂ ಬದಲಾಗಬೇಕಿಲ್ಲ. ದೀಕ್ಷೆ ಪಡೆದವರು ಹೆತ್ತವರನ್ನು ಅವಮಾನಿಸಬಾರದು, ಗೌರವಿಸಬೇಕು ಎಂದು 12ನೇ ಶತಮಾನದ ಯಹೂದಿ ಧರ್ಮಶಾಸ್ತ್ರಜ್ಞ ಮೈಮೊನಿಡೀಸ್ ವಿಧಿಸಿದ್ದಾರೆ. ತೀರಿಕೊಂಡವರಿಗಾಗಿ ಹೇಳುವ ಕದ್ದೀಶ್ ಪ್ರಾರ್ಥನೆಯನ್ನು ಯಹೂದಿಯಲ್ಲದ ತಂದೆಗಾಗಿಯೂ ಹೇಳಬಹುದು ಎಂದು ರಬ್ಬಿಯವರು ತಿಳಿಸಿದರು. ಆ ದಿನ ಆಕೆ ನನ್ನ ಮುಂದೆ ಮೊದಲ ಬಾರಿಗೆ ಮನಸಾರೆ ಅತ್ತರು.

ತಾಯಿ ವಿಷಯ ತಿಳಿದ ಮೇಲೆ ಎರಡು ವಾರ ಮಾತು ಬಿಟ್ಟರು. ನಂತರ ಅವರು ಕೇಳಿದ್ದು ಗೌರಿ ಹಬ್ಬದ ಬಾಗಿನದ ಬಗ್ಗೆ. ದೇವರಿಗೆ ಅರ್ಪಿಸಿದ್ದನ್ನು ಮಗಳು ತೆಗೆದುಕೊಳ್ಳುವಂತಿಲ್ಲ, ತವರಿನ ಉಡುಗೊರೆಯನ್ನು ಬೇಡವೆನ್ನಬೇಕಿಲ್ಲ ಎಂದು ರಬ್ಬಿಯವರ ಉತ್ತರ ಬಂದಾಗ, ಹಾಗಾದರೆ ಸೀರೆ ಬಳೆ ಅಂಗಡಿಯಿಂದ ನೇರವಾಗಿ ಕಳಿಸುತ್ತೇನೆ, ದೇವರ ಮನೆಗೆ ಒಯ್ಯುವುದಿಲ್ಲ ಎಂದು ತಾಯಿಯೇ ದಾರಿ ಕಂಡುಕೊಂಡರು. ಮಿಕ್ವೆಯಲ್ಲಿ ಮೈಮೇಲೆ ನೂಲೂ ಇರಬಾರದೆಂಬ ನಿಯಮದಿಂದ ಕರಿಮಣಿ ತೆಗೆಯಬೇಕಾದದ್ದನ್ನು ಮಾತ್ರ ಅವರಿಂದ ಇನ್ನೂ ಅರಗಿಸಿಕೊಳ್ಳಲಾಗಿಲ್ಲ. ಅದನ್ನು ಒಪ್ಪಿಸಲು ಹೋಗಬೇಡಿ ಎಂದಿದ್ದೇನೆ. ಎಲ್ಲವನ್ನೂ ಒಪ್ಪಿಸಿಯೇ ತೀರಬೇಕೆಂಬ ಹಟ ಮಕ್ಕಳಲ್ಲಿ ನಾನು ಕಾಣುವ ಸಾಮಾನ್ಯ ದೌರ್ಬಲ್ಯ.

ಅಣ್ಣನ ಸಿಟ್ಟು ಆಸ್ತಿಯ ಮಾತಾಗಿ ಹೊರಬಂತು: ಮತ ಬಿಟ್ಟವಳಿಗೆ ಪಾಲಿಲ್ಲ ಎಂದರಂತೆ. ಇದು ತಪ್ಪು ತಿಳಿವಳಿಕೆ. ಮತಾಂತರ ಹೊಂದಿದವರ ಸ್ವಂತ ಹಕ್ಕು ಹೋಗುವುದಿಲ್ಲ, ಅಲ್ಲದೆ ತಂದೆಯ ಪಾಲು 2021ರಲ್ಲೇ ಆಕೆಗೆ ಸಂದಿದೆ. ಆದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 26ನೇ ಕಲಮಿನಂತೆ, ಮತಾಂತರದ ನಂತರ ಹುಟ್ಟಿದ ಮಕ್ಕಳು, ಉತ್ತರಾಧಿಕಾರ ತೆರೆಯುವ ಹೊತ್ತಿಗೆ, ಅಂದರೆ ಆಸ್ತಿಯ ಒಡೆಯರು ತೀರಿಕೊಂಡಾಗ, ಹಿಂದೂಗಳಾಗಿರದಿದ್ದರೆ, ಹಿಂದೂ ಬಂಧುಗಳಿಗೆ ವಾರಸುದಾರರಾಗಲಾರರು. ಅಜ್ಜಿಗೆ ಮೊಮ್ಮಗುವಿಗೆ ಏನಾದರೂ ಕೊಡುವ ಮನಸ್ಸಿದ್ದರೆ ಉಯಿಲು ಬರೆಯಬೇಕು. ಆ ಬಗ್ಗೆ ಊರಿನ ವಕೀಲರೊಬ್ಬರನ್ನು ಕಾಣುವಂತೆ ಸೂಚಿಸಿದ್ದೇನೆ. ಅಣ್ಣನ ಬಳಿ ಕಾನೂನಿನ ಮಾತನ್ನು ತಂಗಿ ಎತ್ತದೆ ವಕೀಲರೇ ವಿವರಿಸಲಿ ಎಂದೂ ಹೇಳಿದ್ದೇನೆ. ಅಣ್ಣನೊಂದಿಗೆ ಆಕೆ ಮಾತನಾಡಬೇಕಾದದ್ದು ತಂದೆಯ ಕೊನೆಯ ದಿನಗಳ ಬಗ್ಗೆ. ಆಸ್ಪತ್ರೆಯಲ್ಲಿ ಆಗ ಜೊತೆಗಿದ್ದದ್ದು ಅಣ್ಣ ಒಬ್ಬರೇ, ಆ ದಿನಗಳ ಕುರಿತು ಮನೆಯಲ್ಲಿ ಯಾರೂ ಅವರನ್ನು ಈವರೆಗೆ ಕೇಳಿಲ್ಲ.