ಓದುಗರ ಪ್ರಶ್ನೆ: ‘ನಾಳೆ ಬನ್ನಿ’ ಅಂದರೆ ‘ಬರೆದು ಕೊಡಿ’ ಅನ್ನಿ

ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಪೊಲೀಸ್ ಠಾಣೆ, ಕೋರ್ಟು, ಶಾಸಕರು, ಈ ಮೂರರ ಸುತ್ತಲೇ ಇವೆ. ಕೆಲವರು ಸಿಟ್ಟಿನಲ್ಲಿ ಬರೆದಿದ್ದಾರೆ, ಕೆಲವರು ಸುಸ್ತಾಗಿ ಬರೆದಿದ್ದಾರೆ. ಸುಸ್ತಾದವರ ಕಾಗದಗಳೇ ನನ್ನನ್ನು ಜಾಸ್ತಿ ಕಾಡಿದವು. ಹೆಸರು, ಊರು ಹಾಕಬೇಡಿ ಎಂದು ಹಲವರು ಕೇಳಿಕೊಂಡಿದ್ದರಿಂದ ಯಾರದ್ದನ್ನೂ ಹಾಕಿಲ್ಲ.

ತೋಟದ ಬೋರ್‌ವೆಲ್ಲಿನ ಕೇಬಲ್ಲು, ಸ್ಟಾರ್ಟರು ರಾತ್ರೋರಾತ್ರಿ ಕಳುವಾಯಿತು. ಇಪ್ಪತ್ತೆಂಟು ಸಾವಿರದ ಮಾಲು. ಠಾಣೆಗೆ ನಾಲ್ಕು ಸಲ ಹೋದೆ. ಮೊದಲ ದಿನ ‘ಸಾಹೇಬರು ಬಂದೋಬಸ್ತಿಗೆ ಹೋಗಿದ್ದಾರೆ, ನಾಳೆ ಬನ್ನಿ’ ಅಂದರು. ಆಮೇಲೆ ‘ಯಾರ ಮೇಲೆ ಅನುಮಾನ ಹೇಳಿ, ಆಗ ನೋಡೋಣ’ ಅಂದರು. ನನ್ನ ದೂರಿನ ಹಾಳೆಯನ್ನು ಇಸ್ಕೊಂಡು ಮೇಜಿನ ಗಾಜಿನ ಕೆಳಗೆ ಇಟ್ಟರು, ಅಷ್ಟೇ. ಏನು ಮಾಡಲಿ? – ಅಡಿಕೆ ಬೆಳೆಗಾರ

ಆ ಗಾಜಿನ ಕೆಳಗಿನ ಹಾಳೆ ದೂರು ಅಲ್ಲ ಸಾರ್. ಅದಕ್ಕೆ ನಂಬರಿಲ್ಲ, ತಾರೀಖಿಲ್ಲ, ಸೀಲಿಲ್ಲ. ನಾಳೆ ಅದು ಕಸದ ಬುಟ್ಟಿಗೆ ಹೋದರೂ ನೀವು ಠಾಣೆಗೆ ಹೋಗಿದ್ದಿರಿ ಅನ್ನುವುದಕ್ಕೆ ಸಾಕ್ಷಿಯೇ ಇರುವುದಿಲ್ಲ. ಮೊದಲು ಆಗಬೇಕಾದ್ದು ಅದು.

ಹೊಸದಾಗಿ ದೂರು ಬರೆಯಿರಿ, ಎರಡು ಪ್ರತಿ ಮಾಡಿ. ಕಳುವಾದ ರಾತ್ರಿ, ಸರ್ವೆ ನಂಬರು, ಕೇಬಲ್ಲಿನ ಅಳತೆ, ಅಂಗಡಿ ಬಿಲ್ಲು ಇದ್ದರೆ ಅದರ ನಕಲು, ಎಲ್ಲ ಸೇರಿಸಿ. ಹಿಂದಿನ ನಾಲ್ಕು ಸಲ ಯಾವ ಯಾವ ದಿನ ಹೋಗಿದ್ದಿರಿ ಅನ್ನುವುದನ್ನೂ ಬರೆಯಿರಿ. ಒಂದು ಪ್ರತಿಯನ್ನು ಅವರಿಗೆ ಕೊಟ್ಟು, ಇನ್ನೊಂದರ ಮೇಲೆ ‘ಸ್ವೀಕರಿಸಿದೆ’ ಎಂದು ಸಹಿ, ಸೀಲು ಹಾಕಿಸಿಕೊಳ್ಳಿ.

ಕಳ್ಳ ಯಾರು ಎಂದು ಹೇಳುವುದು ನಿಮ್ಮ ಕೆಲಸ ಅಲ್ಲವೇ ಅಲ್ಲ. ಅದನ್ನು ಹುಡುಕುವುದಕ್ಕೇ ತನಿಖೆ ಇರುವುದು. ಪೊಲೀಸರು ನೇರವಾಗಿ ತನಿಖೆ ಮಾಡಬಹುದಾದ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂನಲ್ಲೂ ಇದು ಇದೆ. ‘ಇದು ನಮ್ಮ ಸರಹದ್ದಲ್ಲ’ ಅನ್ನುವ ಮಾತೂ ಈಗ ನಡೆಯುವುದಿಲ್ಲ. ಯಾವ ಠಾಣೆಯಲ್ಲಿ ಕೊಟ್ಟರೂ ಬರೆದುಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಎಫ್‌ಐಆರ್ ಪ್ರತಿಯನ್ನು ನಿಮಗೆ ಪುಕ್ಕಟೆ ಕೊಡಬೇಕು.

ಒಂದು ತೊಡಕು ಗೊತ್ತಿರಲಿ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ‘ಮೊದಲು ಪ್ರಾಥಮಿಕ ವಿಚಾರಣೆ ಮಾಡುತ್ತೇವೆ’ ಅನ್ನಲು ಹೊಸ ಕಾನೂನು ಅವಕಾಶ ಕೊಟ್ಟಿದೆ. ಆದರೆ ಅದಕ್ಕೆ ಡಿವೈಎಸ್‌ಪಿ ಅನುಮತಿ ಬೇಕು, 14 ದಿನದಲ್ಲಿ ಮುಗಿಸಬೇಕು. ಹಾಗೆ ಹೇಳಿದರೆ ‘ಅನುಮತಿ ಯಾವ ತಾರೀಖಿಗೆ ಆಯಿತು ಸಾರ್?’ ಎಂದು ಕೇಳಿ.

ಆಗಲೂ ಆಗಲಿಲ್ಲ ಅಂದರೆ ಅದೇ ದೂರನ್ನು ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಜೋಪಾನವಾಗಿ ಇಟ್ಟುಕೊಳ್ಳಿ. ಅದಕ್ಕೂ ಉತ್ತರ ಇಲ್ಲದಿದ್ದರೆ ತಾಲ್ಲೂಕಿನ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಪ್ರಮಾಣಪತ್ರದ ಜೊತೆ ಅರ್ಜಿ ಹಾಕಬಹುದು, ಅವರು ತನಿಖೆಗೆ ಆದೇಶ ಮಾಡಬಹುದು. ಎಸ್‌ಪಿಗೆ ಬರೆದ ರಸೀದಿ ಬೇಕಾಗುವುದು ಇಲ್ಲೇ. ಎಫ್‌ಐಆರ್ ಆದ ಮೇಲೆ 90 ದಿನದೊಳಗೆ ತನಿಖೆ ಎಲ್ಲಿಗೆ ಬಂತು ಎಂದು ನಿಮಗೆ ತಿಳಿಸಬೇಕು. ಕೊನೆಗೆ ‘ಬಿ ರಿಪೋರ್ಟ್’, ಅಂದರೆ ಕೇಸು ಮುಂದುವರಿಸಲು ಆಧಾರ ಇಲ್ಲ ಅನ್ನುವ ವರದಿ, ಹಾಕಿ ಮುಚ್ಚಿದರೂ ಕೋರ್ಟಿನಿಂದ ನಿಮಗೆ ನೋಟಿಸ್ ಬರುತ್ತದೆ, ತಕರಾರು ಸಲ್ಲಿಸಬಹುದು. ಆ ನೋಟಿಸನ್ನು ‘ಇನ್ನೇನು ಬಿಡು’ ಎಂದು ಮೂಲೆಗೆ ಎಸೆಯಬೇಡಿ.

ನಮ್ಮ ಅಮ್ಮನಿಗೆ 67 ವರ್ಷ. ಪಕ್ಕದ ಮನೆಯವರ ಜಗಳದಲ್ಲಿ ಸಾಕ್ಷಿ ಹೇಳಬೇಕು, ಸಂಜೆ ಠಾಣೆಗೆ ಕರೆದುಕೊಂಡು ಬನ್ನಿ ಎಂದು ಫೋನ್ ಬಂದಿದೆ. ಅಮ್ಮ ಹೆದರಿ ಊಟ ಬಿಟ್ಟಿದ್ದಾರೆ. ಹೋಗಲೇಬೇಕಾ?

ಬೇಡ. ಸಾಕ್ಷಿಯಾಗಿ ಕರೆಯುವಾಗ ಯಾವ ವಯಸ್ಸಿನ ಹೆಂಗಸನ್ನೂ, ಅರವತ್ತು ದಾಟಿದ ಗಂಡಸನ್ನೂ, ಅಂಗವಿಕಲರನ್ನೂ ಠಾಣೆಗೆ ಬನ್ನಿ ಎಂದು ಒತ್ತಾಯಿಸುವ ಹಾಗಿಲ್ಲ. ಪೊಲೀಸರೇ ಮನೆಗೆ ಬಂದು ಕೇಳಬೇಕು. ಅದು ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ. ಸಾಕ್ಷಿಯನ್ನು ಕರೆಯುವುದಕ್ಕೆ ಲಿಖಿತ ಆದೇಶವೂ ಬೇಕು, ಫೋನ್ ಸಾಲದು. ವಿನಯವಾಗಿಯೇ ಹೇಳಿ: ‘ಅಮ್ಮ ಮನೆಯಲ್ಲೇ ಇರುತ್ತಾರೆ ಸಾರ್, ನೋಟಿಸ್ ಕೊಟ್ಟು ಬನ್ನಿ, ಗೊತ್ತಿರುವುದನ್ನು ಹೇಳುತ್ತಾರೆ.’ ಅಮ್ಮನಿಗೆ ಮೊದಲು ಊಟ ಮಾಡಿಸಿ.

ಪಾಲಿನ ದಾವೆ ಹಾಕಿ ಹದಿನಾರು ವರ್ಷ ಆಯಿತು. ದಾವೆ ಹಾಕಿದ ಅಪ್ಪ ತೀರಿಕೊಂಡರು. ಎದುರಿನ ದೊಡ್ಡಪ್ಪನೂ ತೀರಿಕೊಂಡರು. ಈಗ ನಾವು ಮಕ್ಕಳು ಅದೇ ಬೆಂಚಿನ ಮೇಲೆ ಕೂರುತ್ತಿದ್ದೇವೆ. ನ್ಯಾಯ ಅನ್ನುವುದು ನಮ್ಮಂಥವರಿಗೆ ಇದೆಯಾ?

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ನಮ್ಮ ಮನೆಯದ್ದೂ ಇದೇ ಕಥೆ.

ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪನ ಜೊತೆ ಕೋರ್ಟಿಗೆ ಹೋಗುತ್ತಿದ್ದೆ. ಬೆಳಗಿನ ಮೊದಲ ಬಸ್ಸು. ಅಪ್ಪನ ಕೈಯಲ್ಲಿ ಒಂದು ಬಟ್ಟೆ ಚೀಲ, ಅದರಲ್ಲಿ ಪಹಣಿ, ಹಳೇ ಕ್ರಯಪತ್ರ, ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನ. ಬಾಗಿಲಲ್ಲಿ ನಿಂತ ಜವಾನ ಮೂರು ಸಲ ಹೆಸರು ಕೂಗುತ್ತಿದ್ದ. ಅಪ್ಪ ಚಪ್ಪಲಿ ಬಿಟ್ಟು, ಕೈ ಮುಗಿದು ಒಳಗೆ ಹೋಗುತ್ತಿದ್ದರು, ದೇವಸ್ಥಾನಕ್ಕೆ ಹೋದ ಹಾಗೆ. ಎರಡು ನಿಮಿಷಕ್ಕೆ ಹೊರಗೆ ಬರುತ್ತಿದ್ದರು. ‘ವಾಯಿದೆ ಹಾಕಿದರು ಕಣೋ.’ ಯಾಕೆ ಅಂತ ಅವರಿಗೂ ಗೊತ್ತಿರುತ್ತಿರಲಿಲ್ಲ. ಅಪ್ಪ ಹೋದ ಮೇಲೆ ವಾರಸುದಾರರು ಅಂತ ನಮ್ಮ ಹೆಸರುಗಳನ್ನು ಸೇರಿಸುವುದಕ್ಕೇ ಒಂದೂವರೆ ವರ್ಷ ಹಿಡಿಯಿತು. ಗೆದ್ದವನು ಸೋತ, ಸೋತವನು ಸತ್ತ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಗೆಲ್ಲುವ ಮೊದಲೇ ಅಪ್ಪ ಹೋದರು. ಆ ಚೀಲ ಇನ್ನೂ ನನ್ನ ಬೀರುವಿನಲ್ಲಿದೆ.

ಹಾಗಾಗಿ ‘ತಾಳ್ಮೆ ಇರಲಿ’ ಎಂದು ನಿಮಗೆ ಸುಮ್ನೆ ಹೇಳಲಾರೆ. ಹತ್ತು ಲಕ್ಷ ಜನಕ್ಕೆ ಹತ್ತೂವರೆ ನ್ಯಾಯಾಧೀಶರು ಇದ್ದಾರೆ, ಐವತ್ತು ಬೇಕು ಎಂದು ಕಾನೂನು ಆಯೋಗ 1987ರಲ್ಲೇ ವರದಿ ಕೊಟ್ಟಿತ್ತು. ಇಷ್ಟು ವರ್ಷ ಕಳೆದರೂ ಮಂಜೂರಾದ ಹುದ್ದೆ ಲೆಕ್ಕ ಹಾಕಿದರೂ ಅದರ ಅರ್ಧಕ್ಕೂ ನಾವು ಮುಟ್ಟಿಲ್ಲ. ಸರ್ಕಾರಗಳು ಬಂದವು, ಹೋದವು. ಯಾವ ಚುನಾವಣೆಯಲ್ಲೂ ಯಾರೂ ಇದರ ಮೇಲೆ ಓಟು ಕೇಳಲಿಲ್ಲ, ನಾವೂ ಕೇಳಲಿಲ್ಲ. ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿ.

ನೀವು ಮಾಡಬಹುದಾದ್ದು ಇದೆ. ಕೋರ್ಟುಗಳ ಆ್ಯಪ್‌ನಲ್ಲಿ ನಿಮ್ಮ ಕೇಸಿನ 16 ಅಕ್ಷರ-ಅಂಕಿಯ ಸಿಎನ್‌ಆರ್ ನಂಬರು ಹಾಕಿದರೆ ಯಾವ ದಿನ ಏನಾಯಿತು ಅನ್ನುವುದು ಕಾಣುತ್ತದೆ. ವಾಯಿದೆ ಯಾವುದಕ್ಕೆ ಹೋಯಿತು ಎಂದು ಪುಸ್ತಕದಲ್ಲಿ ಬರೆದಿಡಿ. ಒಬ್ಬ ಪಕ್ಷಗಾರನಿಗೆ ವಿಚಾರಣೆಯಲ್ಲಿ ಮೂರಕ್ಕಿಂತ ಜಾಸ್ತಿ ವಾಯಿದೆ ಕೊಡಬಾರದು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಹೇಳುತ್ತದೆ. ತೀರಾ ಅನಿವಾರ್ಯವಾದಾಗ ಸಡಿಲಿಕೆ ಇದೆ, ಆದರೆ ನಿಮ್ಮ ವಕೀಲರು ಆ ಪಟ್ಟಿ ಹಿಡಿದು ವಾದಿಸಿದರೆ ಎದುರಿನವರಿಗೆ ಸುಮ್ಮನೆ ಎಳೆಯುವುದು ಕಷ್ಟವಾಗುತ್ತದೆ. ಯಾರಿಗೆ ಎಷ್ಟು ಪಾಲು ಎಂದು ಹೇಳುವ ಪ್ರಾಥಮಿಕ ಡಿಕ್ರಿ ಆಗಿದೆಯಾ ನೋಡಿ. ಎಷ್ಟೋ ಕೇಸು ಅಲ್ಲಿಗೆ ನಿಂತುಬಿಡುತ್ತವೆ, ಎಫ್‌ಡಿಪಿ, ಅಂದರೆ ಅಂತಿಮ ಡಿಕ್ರಿಗೆ ಅರ್ಜಿ, ಹಾಕಬೇಕು ಎಂದು ಯಾರೂ ಹೇಳಿರುವುದಿಲ್ಲ. ಅಂತಿಮ ಡಿಕ್ರಿಗೆ ಬೇರೆ ಅರ್ಜಿ ಬರಲಿ ಎಂದು ಕಾಯದೆ ಕೋರ್ಟೇ ಮುಂದುವರಿಸಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಕೀಲರಿಗೆ ಇದನ್ನು ನೆನಪಿಸಿ.

ಇನ್ನೊಂದು. ಜಗಳ ಶುರುಮಾಡಿದ ಇಬ್ಬರೂ ಈಗ ಇಲ್ಲ. ದೊಡ್ಡಪ್ಪನ ಮಕ್ಕಳ ಜೊತೆ ಒಂದು ಸಲ ಕೂತು ಮಾತಾಡಿ ನೋಡಿ. ಒಪ್ಪಿಗೆಯಾದರೆ ಲೋಕ ಅದಾಲತ್‌ನಲ್ಲಿ ಮುಗಿಸಬಹುದು. ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಬರುತ್ತದೆ, ಅದರ ಮೇಲೆ ಅಪೀಲೂ ಇಲ್ಲ. ವಕೀಲರ ಖರ್ಚು ಭಾರ ಆದರೆ ಕೋರ್ಟಿನ ಆವರಣದಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. ನಿಮ್ಮ ಅಕ್ಕತಂಗಿಯರೂ ದಾವೆಯಲ್ಲಿ ಇದ್ದಾರಲ್ವಾ?

ನಾನು ಒಂದು ಪಕ್ಷಕ್ಕೆ ಓಟು ಹಾಕಿದೆ. ಗೆದ್ದವರು ಇನ್ನೊಂದು ಪಕ್ಷಕ್ಕೆ ಹೋದರು. ಇನ್ನು ಮೇಲೆ ಬೂತಿಗೆ ಹೋಗುವುದೇ ಬೇಡ ಅನ್ನಿಸಿದೆ.

ಅನ್ನಿಸುವುದು ಸಹಜ. 2019ರ ಜುಲೈನಲ್ಲಿ ನಾವು ದಿನವಿಡೀ ಟಿವಿ ಮುಂದೆ ಕೂತು, ರಾಜೀನಾಮೆ ಕೊಟ್ಟ ಶಾಸಕರು ತಂಗಿದ್ದ ಮುಂಬೈನ ಹೋಟೆಲಿನ ಬಾಗಿಲು ನೋಡಿದ್ದೆವು. ಜುಲೈ 23ಕ್ಕೆ ವಿಶ್ವಾಸಮತದಲ್ಲಿ 99–105ರಿಂದ ಸೋತು ರಾಜ್ಯದ ಮೈತ್ರಿ ಸರ್ಕಾರ ಬಿತ್ತು. 17 ಶಾಸಕರು ಅನರ್ಹರಾದರು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆ ಸರಿ ಅಂದಿತು, ಆದರೆ ಮತ್ತೆ ಸ್ಪರ್ಧಿಸಬಹುದು ಅಂತಲೂ ಹೇಳಿತು. ಡಿಸೆಂಬರಿನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ಆಗಿ ಅನರ್ಹರಾದವರಲ್ಲಿ ಹೆಚ್ಚಿನವರು ಗೆದ್ದು ಬಂದರು. ಅವರನ್ನು ವಾಪಸ್ ಕಳಿಸಿದ್ದು ಬೇರೆ ಯಾರೂ ಅಲ್ಲ, ಅದೇ ಊರುಗಳ ಮತದಾರರು. ಪಕ್ಷಾಂತರ ತಡೆ ಕಾನೂನು 1985ರಲ್ಲಿ ಬಂತು, ಅದರಲ್ಲಿ ತೂತುಗಳಿವೆ ನಿಜ. ಆದರೆ ಕೊನೆಯ ಬಾಗಿಲು ಬೂತಿನದ್ದು. ಅದನ್ನು ನೀವೇ ಮುಚ್ಚಿಕೊಂಡರೆ ಹೇಗೆ?

ನನ್ನನ್ನು ಇದಕ್ಕಿಂತ ಜಾಸ್ತಿ ಕಾಡುವುದು ಓಟೇ ಹಾಕಿಸದೆ ಇರುವುದು. ನಮ್ಮ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಆಯ್ಕೆಯಾದವರ ಅವಧಿ 2021ಕ್ಕೆ ಮುಗಿಯಿತು. ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ಅವಧಿ ಮುಗಿಯುವುದರೊಳಗೆ ಚುನಾವಣೆ ಆಗಬೇಕು ಎಂದು ಸಂವಿಧಾನವೇ ಹೇಳಿದ್ದರೂ ಕ್ಷೇತ್ರ ವಿಂಗಡಣೆ, ಮೀಸಲಾತಿ ಎಂದು ವರ್ಷಗಟ್ಟಲೆ ಎಳೆದರು, ಯಾವ ಪಕ್ಷದ ಸರ್ಕಾರ ಇದ್ದರೂ ಅಷ್ಟೇ. ಅಷ್ಟು ವರ್ಷ ಬೆಂಗಳೂರಿನಲ್ಲಿ ಚರಂಡಿ ತುಂಬಿದರೆ ಹೋಗಿ ಕೇಳಲು ಒಬ್ಬ ಪಾಲಿಕೆ ಸದಸ್ಯನೂ ಇರಲಿಲ್ಲ. ಊರಿಗೆ ಓಟು ಕೇಳಲು ಬರುವ ಶಾಸಕರಿಗೆ ಮೊದಲು ಇದನ್ನು ಕೇಳಿ.

ಜಮೀನಿನ ಪೋಡಿಗೆ (ಹಿಸ್ಸೆ ಅಳೆದು ಬೇರೆ ಮಾಡಿಸುವುದಕ್ಕೆ) ಅರ್ಜಿ ಹಾಕಿದ್ದೇನೆ. ಹದಿನೈದು ಸಾವಿರ ಕೇಳುತ್ತಿದ್ದಾರೆ. ಕೊಟ್ಟುಬಿಡು ಎಂದು ಎಲ್ಲರೂ ಹೇಳುತ್ತಾರೆ.

ಕೊಡಬೇಡಿ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದ ಮೇಲೆ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಡಬೇಕು. ಕೊಡುವ ಮೊದಲೇ ಲೋಕಾಯುಕ್ತ ಪೊಲೀಸರಿಗೆ ಹೇಳಿದರೆ ನಿಮಗೆ ರಕ್ಷಣೆ ಇದೆ. ಹಿಂದೆ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಇತ್ತು, ಅದನ್ನು 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ರದ್ದು ಮಾಡಿ ಅಧಿಕಾರವನ್ನು ಲೋಕಾಯುಕ್ತಕ್ಕೆ ವಾಪಸ್ ಕೊಟ್ಟಿತು. ಜಿಲ್ಲಾ ಕೇಂದ್ರದಲ್ಲೇ ಕಚೇರಿ ಇರುತ್ತದೆ. ನೋಟಿಗೆ ಪುಡಿ ಹಚ್ಚಿ ಕೊಡುತ್ತಾರೆ, ಮುಟ್ಟಿದವರ ಕೈ ತೊಳೆಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅರ್ಜಿಗೆ ‘ಸಕಾಲ’ದ, ಅಂದರೆ ಗಡುವಿನೊಳಗೆ ಸರ್ಕಾರಿ ಸೇವೆ ಕೊಡುವ ಯೋಜನೆಯ, ಹದಿನೈದು ಅಂಕಿಯ ಸ್ವೀಕೃತಿ ಸಂಖ್ಯೆ ಕೊಟ್ಟಿದ್ದಾರಾ ನೋಡಿ. ಕೊಟ್ಟಿಲ್ಲದಿದ್ದರೆ ಇವತ್ತೇ ಹೋಗಿ ಕೇಳಿ. ಮಾತಿನಲ್ಲಿ ಹಾಕಿದ ಅರ್ಜಿಗೆ ಗಡುವೇ ಇರುವುದಿಲ್ಲ.

ನನ್ನ ಗಂಡ ಕಾನ್‌ಸ್ಟೇಬಲ್. ಎಲ್ಲರೂ ಪೊಲೀಸರನ್ನು ಬೈದು ಬರೆಯುತ್ತೀರಿ. ಹಬ್ಬಕ್ಕೆ ಮನೆಯಲ್ಲಿ ಇದ್ದದ್ದು ನನ್ನ ಮಗಳಿಗೆ ನೆನಪೇ ಇಲ್ಲ. ವಾರದ ರಜೆ ಕಾಗದದ ಮೇಲಿದೆ. ದೂರು ತಗೋಬೇಡ ಅಂತ ಮೇಲಿನಿಂದ ಹೇಳಿದರೆ ಇವರು ಏನು ಮಾಡಬೇಕು?

ಬರೆದದ್ದು ಒಳ್ಳೆಯದಾಯಿತಮ್ಮ. ಮೇಲಿನ ಅಡಿಕೆ ಬೆಳೆಗಾರರು ಠಾಣೆಯಲ್ಲಿ ನೋಡಿದ ಮುಖ ಬಹುಶಃ ನಿಮ್ಮ ಯಜಮಾನರಂಥವರದ್ದೇ. ಅವರಿಗೂ ಆ ಹಾಳೆಯನ್ನು ಗಾಜಿನ ಕೆಳಗೆ ಇಡುವುದು ಇಷ್ಟ ಇದ್ದಿರಲಿಕ್ಕಿಲ್ಲ. ಕೇಸು ಜಾಸ್ತಿಯಾದರೆ ಮೇಲಿನವರ ಸಭೆಯಲ್ಲಿ ಉತ್ತರ ಹೇಳಬೇಕು, ಶಾಸಕರ ಕಡೆಯವರ ಮೇಲೆ ಕೇಸಾದರೆ ವರ್ಗಾವಣೆ. ಇದು ಗುಟ್ಟೇನಲ್ಲ.

ಠಾಣಾಧಿಕಾರಿಗಳಿಗೆ ಕನಿಷ್ಠ ಎರಡು ವರ್ಷ ಒಂದೇ ಕಡೆ ಇರಲು ಬಿಡಿ, ತನಿಖೆ ಮಾಡುವವರನ್ನು ಬಂದೋಬಸ್ತಿನ ಕೆಲಸದಿಂದ ಬೇರೆ ಮಾಡಿ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಆದೇಶ ಕೊಟ್ಟಿದೆ. ಅದು ಪೂರ್ತಿ ಜಾರಿಯಾಗಿದ್ದರೆ ನಿಮ್ಮ ಕಾಗದವೂ ಬರುತ್ತಿರಲಿಲ್ಲ, ಆ ಅಡಿಕೆ ಬೆಳೆಗಾರರದ್ದೂ ಬರುತ್ತಿರಲಿಲ್ಲ. 2016ರ ಜೂನ್‌ನಲ್ಲಿ ನಮ್ಮ ಪೊಲೀಸರು ಸಂಬಳ, ರಜೆ ಕೇಳಿ ಸಾಮೂಹಿಕ ರಜೆಗೆ ಹೊರಟಾಗ ಎಷ್ಟು ಬೇಸತ್ತಿದ್ದರು ಅನ್ನುವುದು ಇಡೀ ರಾಜ್ಯಕ್ಕೆ ಗೊತ್ತಾಯಿತು. ಸಬ್ ಇನ್‌ಸ್ಪೆಕ್ಟರ್ ಆಗಲು ಹಗಲು ರಾತ್ರಿ ಓದಿದ ಹುಡುಗರ ಗತಿ ನೋಡಿ. 2021ರಲ್ಲಿ 545 ಹುದ್ದೆಗೆ ನಡೆದ ಪರೀಕ್ಷೆ ಅಕ್ರಮದಿಂದ ರದ್ದಾಯಿತು, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯೇ ಬಂಧನಕ್ಕೆ ಒಳಗಾದರು. ಪ್ರಾಮಾಣಿಕವಾಗಿ ಬರೆದವರು ಮರುಪರೀಕ್ಷೆಗೆ 2024ರ ಜನವರಿವರೆಗೆ ಕಾಯಬೇಕಾಯಿತು.

ನಿಮ್ಮ ಯಜಮಾನರು ಏನು ಮಾಡಬೇಕು ಅಂತ ಕೇಳಿದ್ದೀರಿ. ಅಧಿಕಾರಿಗಳು ಬಾಯಿಮಾತಿನ ಆದೇಶದ ಮೇಲೆ ನಡೆಯಬಾರದು, ಬಂದ ಆದೇಶವನ್ನು ಬರಹದಲ್ಲಿ ದಾಖಲಿಸಬೇಕು ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ದೊಡ್ಡ ಅಧಿಕಾರಿಗಳ ವಿಷಯದಲ್ಲಿ ಬಂದ ತೀರ್ಪು. ಕಾನ್‌ಸ್ಟೇಬಲ್ ಒಬ್ಬರು ಸಾಹೇಬರ ಮುಂದೆ ನಿಂತು ‘ಬರೆದು ಕೊಡಿ ಸಾರ್’ ಅನ್ನುವುದು ಎಷ್ಟು ಕಷ್ಟ ಅನ್ನುವುದು ನನಗೆ ಗೊತ್ತು, ಹಾಗೆ ಮಾಡಿ ಎಂದು ಮನೆಯಲ್ಲಿ ಕೂತು ಹೇಳಲಾರೆ. ಒಂದು ಕೆಲಸ ಅವರ ಕೈಯಲ್ಲೇ ಇದೆ. ದೂರು ಹಿಡಿದು ಬಂದವರ ಎರಡನೇ ಪ್ರತಿಯ ಮೇಲೆ ತಾರೀಖು ಹಾಕಿ, ಠಾಣೆಯ ಸೀಲು ಒತ್ತಿ ಕೊಡಲಿ.