ಮೂರು ನಿಮಿಷ ಕಾಳಗ, ಆಮೇಲೆ ರಿಪೇರಿ: ರೋಬಾಟ್ ಪಂದ್ಯಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಅಮೆರಿಕದ 'ಬ್ಯಾಟಲ್‌ಬಾಟ್ಸ್' ವಿಡಿಯೊಗಳನ್ನು ಮಗನ ಜೊತೆ ನೋಡುತ್ತೇನೆ. ಒಂದು ಪಂದ್ಯದಲ್ಲಿ ಚಕ್ರ ಹಾರಿ ಹೊಗೆ ಬಂದ ರೋಬಾಟ್, ಮುಂದಿನ ಪಂದ್ಯಕ್ಕೆ ಹೊಸದರ ಹಾಗೆ ನಿಂತಿರುತ್ತದೆ. ರಿಪೇರಿಗೆ ಎಷ್ಟು ಸಮಯ ಕೊಡುತ್ತಾರೆ? – ಓದುಗರು, ದಾವಣಗೆರೆ

ಉತ್ತರ: ಸ್ಪರ್ಧೆ ಯಾವುದು ಅನ್ನೋದರ ಮೇಲಿದೆ. ಬ್ಯಾಟಲ್‌ಬಾಟ್ಸ್ ಅಂದರೆ ರಿಮೋಟ್‌ನಿಂದ ಓಡಿಸುವ ರೋಬಾಟ್‌ಗಳು ಅಖಾಡದಲ್ಲಿ ಕಾದಾಡುವ, ಹಲವು ದಿನ ಚಿತ್ರೀಕರಣವಾಗುವ ಪಂದ್ಯಾವಳಿ. ಹಾಗಾಗಿ ಮೊದಲ ಸುತ್ತುಗಳಲ್ಲಿ ಸಾಕಷ್ಟು ಬಿಡುವು ಸಿಗುತ್ತದೆ, ಕೊನೆಯ ಸುತ್ತುಗಳಲ್ಲಿ ಅದು ಕಡಿಮೆಯಾಗುತ್ತಾ ಹೋಗುತ್ತದೆ. ಕನೆಕ್ಟಿಕಟ್‌ನ ನಾರ್ವಾಕ್‌ನಲ್ಲಿ 3, 12, 30 ಪೌಂಡ್ ರೋಬಾಟ್‌ಗಳ ಲೀಗ್ ಒಂದಿದೆ. ಇಂಥ ಚಿಕ್ಕ ತೂಕದ ಪಂದ್ಯಗಳನ್ನು ಸಾಮಾನ್ಯವಾಗಿ ಒಂದೇ ದಿನದಲ್ಲಿ ಮುಗಿಸುತ್ತಾರೆ. ಅಲ್ಲಿ ಎರಡು ಕಾಳಗಗಳ ನಡುವೆ ಕನಿಷ್ಠ ಇಪ್ಪತ್ತು ನಿಮಿಷ ಅನ್ನೋದು ಹಳೆಯ ರೂಢಿ. ಕರೆದಾಗ ಬರದಿದ್ದರೆ ಎದುರಾಳಿ ಗೆದ್ದ ಹಾಗೆ, ಕಥೆ ಮುಗೀತು.

ಇಪ್ಪತ್ತು ನಿಮಿಷದಲ್ಲಿ ಸುಟ್ಟ ಮೋಟರ್‌ನ ವೈಂಡಿಂಗ್ ಮಾಡೋಕೆ ಆಗುತ್ತಾ? ಆಗಲ್ಲ. ಅದಕ್ಕೇ ಯಾರೂ ಅಲ್ಲಿ 'ಸರಿ ಮಾಡೋದಿಲ್ಲ', ಬಿಚ್ಚಿ ಬೇರೆಯದನ್ನು ಹಾಕುತ್ತಾರೆ. ಚಕ್ರ, ಮೋಟರ್, ಸ್ಪೀಡ್ ಕಂಟ್ರೋಲರ್ (ಮೋಟರ್‌ನ ವೇಗ ನಿಯಂತ್ರಿಸುವ ಸರ್ಕ್ಯೂಟ್), ತಿರುಗುವ ಬ್ಲೇಡು ಎಲ್ಲದಕ್ಕೂ ಬದಲಿ ಇರುತ್ತದೆ. ದೊಡ್ಡ ತೂಕದಲ್ಲಿ ಎರಡನೇ ಚಾಸಿಯನ್ನೇ (ರೋಬಾಟ್‌ನ ಮೂಲ ಚೌಕಟ್ಟು) ಹೊತ್ತು ತರುವ ತಂಡಗಳೂ ಇವೆ. ನನ್ನ ಪ್ರಕಾರ ಈ ಇಪ್ಪತ್ತು ನಿಮಿಷದ ನಿಯಮ ಪರೀಕ್ಷೆ ಮಾಡುವುದು ನಿಮ್ಮ ಕೈಚಳಕವನ್ನಲ್ಲ, ಮನೆಯಲ್ಲಿ ಡಿಸೈನ್ ಮಾಡುವಾಗ ನೀವು ಏನು ಯೋಚಿಸಿದ್ದಿರಿ ಅನ್ನೋದನ್ನ. ಒಂದು ಮೋಟರ್ ತೆಗೆಯೋಕೆ ನಾಲ್ಕು ಬೋಲ್ಟ್ ಸಾಕಾಗುವ ರೋಬಾಟ್, ಹದಿನೆಂಟು ಬೋಲ್ಟ್ ಬಿಚ್ಚಬೇಕಾದ ಬಲಶಾಲಿ ರೋಬಾಟ್‌ಗಿಂತ ಎಷ್ಟೋ ಸಲ ಮುಂದಕ್ಕೆ ಹೋಗುತ್ತದೆ. ಬೋಲ್ಟ್ ಸಡಿಲವಾಗದಿರಲಿ ಅಂತ ಹಾಕುವ ಅಂಟು ಕೂಡ ಹಿಡಿಯೋಕೆ ಹತ್ತಿಪ್ಪತ್ತು ನಿಮಿಷ ಬೇಕು, ಪೂರ್ತಿ ಗಟ್ಟಿಯಾಗೋಕೆ ಒಂದು ದಿನವೇ ಬೇಕು.

ಪ್ರಶ್ನೆ: ಹಾಗಾದರೆ ರಿಪೇರಿ ಮುಗಿದ ತಕ್ಷಣ ಅಖಾಡಕ್ಕೆ ಇಳಿಯಬಹುದಾ? – ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ನಿಧಾನ. ಭಾರಿ ಭಾಗ ಬದಲಿಸಿದ್ದರೆ ಮತ್ತೆ ತೂಕ ಮಾಡಿಸಬೇಕು. ಬ್ಯಾಟಲ್‌ಬಾಟ್ಸ್‌ನಲ್ಲಿ ಮಿತಿ 250 ಪೌಂಡ್, ಅಂದರೆ ಸುಮಾರು 113 ಕೆಜಿ. ಆಯುಧ ಅಲುಗಾಡದಂತೆ ಲಾಕ್ ಕಂಬಿ ಹಾಕಿರಬೇಕು. ಅದನ್ನು ಅಖಾಡದ ಒಳಗೆ, ಕೊನೆಯಲ್ಲಿ ಮಾತ್ರ ತೆಗೆಯುತ್ತಾರೆ. ರಿಮೋಟ್ ಸಿಗ್ನಲ್ ಹೋದರೆ ಚಕ್ರ, ಆಯುಧ ಎರಡೂ ತಾನಾಗಿ ನಿಲ್ಲಬೇಕು. ತಪಾಸಣೆಯಲ್ಲಿ ರಿಮೋಟ್ ಆಫ್ ಮಾಡಿಸಿಯೇ ಇದನ್ನು ನೋಡುತ್ತಾರೆ. ಆತುರದಲ್ಲಿ ಹೊಸ ರಿಸೀವರ್ (ರಿಮೋಟ್ ಸಿಗ್ನಲ್ ಹಿಡಿಯುವ ಭಾಗ) ಹಾಕಿ, ತಾನಾಗಿ ನಿಲ್ಲುವ ಆ ಸೆಟ್ಟಿಂಗ್ ಮರೆತು, ತಪಾಸಣೆಯಲ್ಲೇ ಸಿಕ್ಕಿಹಾಕಿಕೊಳ್ಳೋದು ಸುಲಭ. ಎರಡೂ ತಂಡ ರೆಡಿ ಬಟನ್ ಒತ್ತಿದ ಮೇಲೆ ಮಾತಿಲ್ಲ. ರೋಬಾಟ್ ಕದಲದೆ ನಿಂತರೆ ರೆಫರಿ ಹತ್ತರ ತನಕ ಎಣಿಸುತ್ತಾರೆ, ಅಷ್ಟರಲ್ಲಿ ಚಲಿಸದಿದ್ದರೆ ಸೋತ ಹಾಗೆ.

ಪ್ರಶ್ನೆ: ಬ್ಯಾಟರಿ ಚಾರ್ಜ್ ಆಗೋಕೇ ಒಂದು ಗಂಟೆ ಬೇಕಲ್ವಾ? – ಓದುಗರು, ಬೆಂಗಳೂರು

ಉತ್ತರ: ಹೌದು, ನಿಜವಾದ ಗಡಿಯಾರ ಅದೇ! ಹೆಚ್ಚಿನವರು ಲಿಥಿಯಂ ಪಾಲಿಮರ್ ಬ್ಯಾಟರಿ ಬಳಸುತ್ತಾರೆ. ಸುರಕ್ಷಿತ ವೇಗದಲ್ಲಿ ಚಾರ್ಜ್ ಮಾಡಿದರೆ ಸುಮಾರು ಒಂದು ಗಂಟೆ. ಅದಕ್ಕೇ ಪ್ರತಿ ತಂಡದ ಹತ್ತಿರ ಹಲವು ಸೆಟ್ ಇರುತ್ತವೆ. ಒಂದು ಒಳಗಿದ್ದರೆ ಇನ್ನೊಂದು ಚಾರ್ಜ್‌ಗೆ, ಮತ್ತೊಂದು ತಣ್ಣಗಾಗೋಕೆ. ಏಟು ತಿಂದು ಉಬ್ಬಿದ ಬ್ಯಾಟರಿಗೆ ಮಾತ್ರ ರಿಪೇರಿ ಇಲ್ಲ. ಹೊಗೆ ಬಂದರೆ ಮೊದಲು ಹೊರಗೆ ಒಯ್ಯುತ್ತಾರೆ, ಪಂದ್ಯದ ವಿಷಯ ಆಮೇಲೆ. ಈ ನಿಯಮದಲ್ಲಿ ಯಾರಿಗೂ ರಿಯಾಯಿತಿ ಕೊಡಬಾರದು ಅನ್ನೋದು ನನ್ನ ಅಭಿಪ್ರಾಯ.

ಪ್ರಶ್ನೆ: ಎದುರಾಳಿಯನ್ನು ನೋಡಿ ರೋಬಾಟ್‌ನ ರೂಪವನ್ನೇ ಬದಲಿಸಿದರೆ ಅದು ಮೋಸ ಅಲ್ವಾ? – ಓದುಗರು, ಉಡುಪಿ

ಉತ್ತರ: ಅಲ್ಲ. ತೂಕ ಮೀರದೆ, ತಪಾಸಣೆ ಪಾಸಾದರೆ ಸಾಕು. 2015ರ ಬ್ಯಾಟಲ್‌ಬಾಟ್ಸ್‌ನಲ್ಲಿ 'ಐಸ್‌ವೇವ್' ಎಂಬ ರೋಬಾಟ್ ಪೆಟ್ರೋಲ್ ಎಂಜಿನ್ನಿನಿಂದ ದೊಡ್ಡ ಬ್ಲೇಡನ್ನು ಅಡ್ಡವಾಗಿ ತಿರುಗಿಸುತ್ತಿತ್ತು. ಅದರೆದುರು 'ಘೋಸ್ಟ್ ರಾಪ್ಟರ್' ತಂಡ ಒಂದು ಉದ್ದನೆಯ ಕೋಲನ್ನು ಜೋಡಿಸಿಕೊಂಡು, 'ಡಿ-ಐಸರ್' ಅಂತ ಹೆಸರಿಟ್ಟು, ಬ್ಲೇಡನ್ನು ದೂರದಲ್ಲೇ ತಡೆದು ಗೆದ್ದಿತು. ನನಗಂತೂ ಇದು ಆ ವರ್ಷದ ಅತ್ಯಂತ ಜಾಣ ಕೆಲಸ.

ಆದರೆ ಅದೇ ವರ್ಷ 'ಕಂಪ್ಲೀಟ್ ಕಂಟ್ರೋಲ್' ತಂಡ ಇದೇ ಘೋಸ್ಟ್ ರಾಪ್ಟರ್ ಎದುರು ಉಡುಗೊರೆ ಡಬ್ಬದೊಳಗೆ ಬಲೆ ಅಡಗಿಸಿ ತಂದಿತ್ತು. ತಿರುಗುವ ಆಯುಧ ಬಲೆಗೆ ಸಿಕ್ಕಿ ಸ್ತಬ್ಧ. ಬಲೆ ಬೇಡ ಅಂತ ಆ ವರ್ಷದ ನಿಯಮದಲ್ಲಿ ಎಲ್ಲಿದೆ ಅಂತ ದೊಡ್ಡ ವಾದವೇ ಆಯ್ತು. ಕೊನೆಗೆ ಆ ಪಂದ್ಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮತ್ತೆ ಆಡಿಸಿದರು, ಘೋಸ್ಟ್ ರಾಪ್ಟರ್ ಗೆದ್ದಿತು. ಬಲೆ, ಹಗ್ಗದಂಥ ಸಿಕ್ಕುಹಾಕುವ ವಸ್ತುಗಳನ್ನು ಹೆಚ್ಚಿನ ಸ್ಪರ್ಧೆಗಳು ಒಪ್ಪುವುದಿಲ್ಲ. ನೀವು ಏನಾದರೂ ಕಟ್ಟುವ ಯೋಚನೆಯಲ್ಲಿದ್ದರೆ, ಆಯಾ ಸ್ಪರ್ಧೆಯ ನಿಯಮಪುಸ್ತಕ ಓದಿ, ಅನುಮಾನ ಬಂದಲ್ಲಿ ಸಂಘಟಕರಿಗೆ ಮೊದಲೇ ಬರೆದು ಕೇಳಿ.