ವಿಡಿಯೋ ನೋಡದೆ ಬರುವ ರೆಸಿಡೆಂಟ್‌ಗಳಿಗೆ ಫ್ಲಿಪ್ಡ್ ಕ್ಲಾಸ್‌ರೂಮ್ ನಡೆಸುವುದು ಹೇಗೆ?

ಪಾಠವನ್ನು ವಿಡಿಯೋದಲ್ಲಿ ಮೊದಲೇ ನೋಡಿ ಬಂದು, ಕ್ಲಾಸಿನ ಸಮಯವನ್ನು ಚರ್ಚೆಗೆ, ಅಭ್ಯಾಸಕ್ಕೆ ಬಳಸುವುದೇ ಫ್ಲಿಪ್ಡ್ ಕ್ಲಾಸ್‌ರೂಮ್. ವಿಡಿಯೋ ಮುಂಚೆಯೇ ಕಳಿಸಿದರೂ ಅರ್ಧಕ್ಕರ್ಧ ರೆಸಿಡೆಂಟ್‌ಗಳು (ಆಸ್ಪತ್ರೆಯಲ್ಲಿ ಸ್ನಾತಕೋತ್ತರ ತರಬೇತಿಯಲ್ಲಿರುವ ವೈದ್ಯರು) ನೋಡದೆ ಬರುತ್ತಾರೆ, ಕೊನೆಗೆ ಅದನ್ನೇ ಮತ್ತೆ ಪಾಠ ಮಾಡಬೇಕಾಗುತ್ತದೆ, ಈ ಪದ್ಧತಿಯನ್ನೇ ಬಿಟ್ಟುಬಿಡಲೇ ಅಂತ ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ಮತ್ತೆ ಪಾಠ ಮಾಡುವುದನ್ನು ಮಾತ್ರ ಈ ವಾರದಿಂದಲೇ ನಿಲ್ಲಿಸಿ.

ಮೆಡಿಸಿನ್ ವಿಭಾಗದಲ್ಲಿ ಪಾಠ ಮಾಡುವ ನಾನೂ ಮೊದಲು ಇದೇ ತಪ್ಪು ಮಾಡಿದೆ. ನೋಡದೆ ಹೋದರೂ ಮೇಡಂ ಹೇಗೂ ಹೇಳಿಕೊಡುತ್ತಾರೆ ಅನ್ನುವುದು ಮೂರನೇ ವಾರಕ್ಕೆಲ್ಲ ಎಲ್ಲರಿಗೂ ಗೊತ್ತಾಗಿತ್ತು. ನೋಡಿಕೊಂಡು ಬಂದವರು ಅದೇ ಪಾಠವನ್ನು ಎರಡನೇ ಸಲ ಕೇಳಬೇಕು. ಆಮೇಲೆ ಅವರೂ ನೋಡುವುದು ಬಿಟ್ಟರು.

ಇದನ್ನು ಸೋಮಾರಿತನ ಅಂತ ನಾನು ಒಪ್ಪುವುದಿಲ್ಲ. 2007ರ ಸುಮಾರಿಗೆ ಅಮೆರಿಕದ ಕೊಲರಾಡೊದಲ್ಲಿ ಜೊನಾಥನ್ ಬರ್ಗ್‌ಮನ್ ಮತ್ತು ಆರನ್ ಸ್ಯಾಮ್ಸ್ ಎಂಬ ಇಬ್ಬರು ಕೆಮಿಸ್ಟ್ರಿ ಮೇಷ್ಟ್ರು, ತರಗತಿ ತಪ್ಪಿದ ಹೈಸ್ಕೂಲ್ ಮಕ್ಕಳಿಗಾಗಿ ಪಾಠ ರೆಕಾರ್ಡ್ ಮಾಡತೊಡಗಿದಾಗ ಈ ಪದ್ಧತಿ ಹೆಸರಾಯಿತು. ಆ ಮಕ್ಕಳಿಗೆ ಸಂಜೆ ಬಿಡುವಿತ್ತು. ನೈಟ್ ಡ್ಯೂಟಿ ಮುಗಿಸಿ ಮತ್ತೆ ರೌಂಡ್ಸಿಗೆ ಓಡುವವರಿಗೆ ಹಿಂದಿನ ದಿನ ಸಂಜೆ 45 ನಿಮಿಷದ ಲೆಕ್ಚರ್ ಕಳಿಸಿದರೆ ಅವರು ಯಾವಾಗ ನೋಡಬೇಕು? ಈಗ ನಾನು ಕಳಿಸುವುದು ಹತ್ತು ನಿಮಿಷದ ವಿಡಿಯೋ, ಅದೂ ಐದು ದಿನ ಮೊದಲು. ಡ್ಯೂಟಿಯಿಂದ ನೇರ ಬಂದವರು ಕ್ಲಾಸಿನ ಮೊದಲ ಹತ್ತು ನಿಮಿಷದಲ್ಲಿ ಅಲ್ಲೇ ಕೂತು ನೋಡಬಹುದು. ಅಷ್ಟರೊಳಗೆ ಉಳಿದವರು ನಾಲ್ಕೈದು ಪ್ರಶ್ನೆಗಳಿಗೆ ಉತ್ತರ ಬರೆದಿರುತ್ತಾರೆ.

ನಿಜವಾದ ಕಷ್ಟ ವಿಡಿಯೋದಲ್ಲಲ್ಲ, ಆಮೇಲಿನ ಮುಕ್ಕಾಲು ಗಂಟೆಯಲ್ಲಿ. ಅಲ್ಲಿ ಕೊಡುವ ಕೇಸಿಗೆ ಒಂದು ತೀರ್ಮಾನ ಬೇಕೇಬೇಕು. ಆಸಿಡ್-ಬೇಸ್ ಕ್ಲಾಸಿಗೆ ನಾನು ಇಟ್ಟುಕೊಂಡಿರುವ ಕೇಸ್ ಹೇಳುತ್ತೇನೆ. ಡಯಾಬಿಟಿಸ್ ಇರುವ ಹುಡುಗ, ಎರಡು ದಿನದಿಂದ ವಾಂತಿ. ಎಬಿಜಿಯಲ್ಲಿ (ಅಪಧಮನಿ ರಕ್ತದ ಗ್ಯಾಸ್ ಪರೀಕ್ಷೆ) ಪಿಎಚ್ 7.40, ಕಾರ್ಬನ್ ಡೈಆಕ್ಸೈಡ್ 40, ಬೈಕಾರ್ಬೊನೇಟ್ 24. ವಾರ್ಡಿಗೆ ಸೇರಿಸುತ್ತೀರಾ, ಮನೆಗೆ ಕಳಿಸುತ್ತೀರಾ? ಎಲ್ಲ ನಾರ್ಮಲ್ ಇದೆ, ಕಳಿಸಬಹುದು ಅನ್ನುವವರು ಪ್ರತಿ ಸಲವೂ ಇರುತ್ತಾರೆ. ಆಗ ಸೋಡಿಯಂ 140, ಕ್ಲೋರೈಡ್ 92 ಅಂತ ಬೋರ್ಡಿನ ಮೇಲೆ ಬರೆದು ಸುಮ್ಮನಾಗುತ್ತೇನೆ. ಯಾರೋ ಒಬ್ಬರು ಕಳೆದು ನೋಡುತ್ತಾರೆ: ಆನಯಾನ್ ಗ್ಯಾಪ್ (ಸೋಡಿಯಂನಿಂದ ಕ್ಲೋರೈಡ್, ಬೈಕಾರ್ಬೊನೇಟ್ ಎರಡನ್ನೂ ಕಳೆದರೆ ಉಳಿಯುವುದು) 24, ಇರಬೇಕಾದದ್ದು 12ರ ಆಸುಪಾಸು. ಕೀಟೋನಿನಿಂದ ಬಂದ ಆಸಿಡೋಸಿಸ್ಸನ್ನು (ರಕ್ತದಲ್ಲಿ ಆಮ್ಲ ಹೆಚ್ಚುವುದು) ವಾಂತಿಯಿಂದ ಬಂದ ಆಲ್ಕಲೋಸಿಸ್ (ಕ್ಷಾರ ಹೆಚ್ಚುವುದು) ಮುಚ್ಚಿಟ್ಟಿದೆ. ತಕ್ಷಣ ಇನ್ಸುಲಿನ್ ಶುರು ಮಾಡೋಣ ಅಂತ ಒಬ್ಬರು ಹೊರಟರೆ, ಪೊಟ್ಯಾಸಿಯಂ ನೋಡದೆಯಾ ಅಂತ ಪಕ್ಕದವರೇ ತಡೆಯುತ್ತಾರೆ. ಈ ವಾದ ನಡೆಯುವಾಗ ಬಾಯಿ ಮುಚ್ಚಿಕೊಂಡು ನಿಲ್ಲುವುದನ್ನು ಕಲಿಯಲು ನನಗೆ ವರ್ಷವೇ ಹಿಡಿಯಿತು.

ಪ್ರೊಸೀಜರ್ ಕಲಿಸುವಾಗ ಲೆಕ್ಕ ಬೇರೆ: ಹಂತಗಳನ್ನು ವಿಡಿಯೋದಲ್ಲಿ ನೋಡಿ ಬರಲಿ, ಕ್ಲಾಸಿನ ಸಮಯವೆಲ್ಲ ಮ್ಯಾನಿಕಿನ್ (ಅಭ್ಯಾಸದ ಗೊಂಬೆ) ಮೇಲೆ ಕೈ ಓಡಿಸುವುದಕ್ಕೇ ಹೋಗಲಿ.

ಇನ್ನೊಂದು ಮಾತು. ಸೀನಿಯರ್‌ಗಳು ಬಾಯಿ ಬಿಟ್ಟರೆ ಮೊದಲ ವರ್ಷದವರು ಮಾತಾಡುವುದಿಲ್ಲ. ಅದಕ್ಕೇ ಚರ್ಚೆಗೆ ಮೊದಲು ಪ್ರತಿಯೊಬ್ಬರೂ ತಮ್ಮ ತೀರ್ಮಾನವನ್ನು ಚೀಟಿಯಲ್ಲಿ ಬರೆಯಲಿ, ಹೆಸರು ಬೇಡ. ಆ ಚೀಟಿಗಳನ್ನು ನೀವೇ ಗಟ್ಟಿಯಾಗಿ ಓದಿ, ಚರ್ಚೆ ಅಲ್ಲಿಂದ ಶುರುವಾಗಲಿ.